ಕೊಲೆಯಾದವನ ಸೈಕಲ್ಲಿಗೆ ಬಣ್ಣ ಬಳಿದ ಹುಚ್ಚಯ್ಯ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ರಂಗಸ್ವಾಮಿಯ ಸೈಕಲ್ ಶಾಪಿತ್ತು. ಅಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ಹುಚ್ಚಯ್ಯನನ್ನು ಒಳ್ಳೆಯ ಮನುಷ್ಯ ಎಂದರೆ ಸುಳ್ಳಾಗುತ್ತದೆ. ಕೆಲಸಗಾರ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೈ ಕುಂಚ ಹಿಡಿಯದಿದ್ದ ಹೊತ್ತಿನಲ್ಲಿ ಯಾರದಾದರೂ ಕೊರಳಪಟ್ಟಿ ಹಿಡಿದಿರುತ್ತಿತ್ತು. ಕೊಬ್ಬರಿ ಮಂಡಿಯ ಗುಮಾಸ್ತನೊಬ್ಬ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿ, "ಇಲ್ಲಿ ಸ್ವಲ್ಪ ಉಬ್ಬಿದೆಯಲ್ಲಯ್ಯಾ" ಎಂದದ್ದಕ್ಕೆ, ಡಬ್ಬಿಯಲ್ಲಿದ್ದ ಅಷ್ಟೂ ಕಪ್ಪು ಬಣ್ಣವನ್ನು ಅವನ ಮುಖಕ್ಕೆ ಎರಚಿ, ಸಾಲದೆಂದು ಖಾಲಿ ಡಬ್ಬಿಯಿಂದ ತಲೆಗೂ ಒಂದು ಬಾರಿಸಿದ್ದ. ಗುಮಾಸ್ತನ ಕಡೆಯವರು ನಾಲ್ಕು ಜನ ಬಂದು ಹುಚ್ಚಯ್ಯನ ಎರಡು ಪಕ್ಕೆಲುಬು ಮುರಿದು ಹೋದರು. ಅದರಿಂದಲೂ ಅವನಿಗೆ ಬುದ್ಧಿ ಬರಲಿಲ್ಲ. ರಂಗಸ್ವಾಮಿ ವರ್ಷಕ್ಕೆ ನಾಲ್ಕು ಸಲ ಅವನನ್ನು ಅಂಗಡಿಯಿಂದ ಓಡಿಸುತ್ತಿದ್ದ, ನಾಲ್ಕು ಸಲವೂ ವಾರದೊಳಗೆ ತಾನೇ ಹೇಳಿಕಳಿಸುತ್ತಿದ್ದ. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಏಟು ತಿಂದ ಸೈಕಲ್ಲಿಗೆ ಅಂಥ ಕೈ ಇನ್ನೊಂದು ಇರಲಿಲ್ಲ.

ಅರಕಲಗೂಡಿನ ಹತ್ತಿರದ ಒಂದು ಕೇರಿಯಲ್ಲಿ ಹುಟ್ಟಿದವನು. ಅವನಿಗಿಂತ ಮೊದಲು ಹುಟ್ಟಿದ ಮೂರು ಗಂಡು ಕೂಸು ತೀರಿಹೋಗಿದ್ದವು. ಇದಕ್ಕೂ ಒಳ್ಳೆಯ ಹೆಸರಿಟ್ಟರೆ ಸಾವು ಆಸೆಪಟ್ಟೀತೆಂದು ಹುಚ್ಚಯ್ಯ ಎಂದು ಕರೆದರು. ಸಾವಿಗೆ ಬೇಡವಾದವನು ಅಪ್ಪನ ಬಾರುಕೋಲಿಗೆ ಮಾತ್ರ ಬೇಕಾಗಿದ್ದ. ಅಪ್ಪ ಹೊಗೆಸೊಪ್ಪು ಬೆಳೆಯುವವರ ಮನೆಯ ಜೀತದಾಳು. ಸೊಪ್ಪಿಗೆ ಹುಳು ಬಿದ್ದ ದಿನ ಯಜಮಾನರಿಂದ ಅವನಿಗೆ ಬೀಳುತ್ತಿತ್ತು, ಅವನಿಂದ ಮನೆಯಲ್ಲಿ ಹೆಂಡತಿ ಮಕ್ಕಳಿಗೆ. ಅಕ್ಕ ಬೆಟ್ಟಮ್ಮ ತಮ್ಮನನ್ನು ಸೆರಗಿನಡಿ ಮುಚ್ಚಿಕೊಂಡು ತನ್ನ ಬೆನ್ನು ಕೊಡುತ್ತಿದ್ದಳು. ಇಪ್ಪತ್ತಕ್ಕೆ ಅವನು ಮನೆ ಬಿಟ್ಟು ಹಾಸನ ಸೇರಿ, ಜಟಕಾ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಗಂಗಯ್ಯ ಎಂಬ ಮುದುಕನ ಹತ್ತಿರ ಕೆಲಸ ಕಲಿತ. ಆ ಮಹಾನುಭಾವನೂ ಗೀರು ಸೊಟ್ಟಗಾದರೆ ಬೆರಳ ಗೆಣ್ಣಿನ ಮೇಲೆ ಬಡಿಯುವವನೇ. ಹುಚ್ಚಯ್ಯನಿಗೆ ವಿದ್ಯೆಯೂ ಏಟೂ ಒಂದೇ ಕೈಯಿಂದ ಬಂದವು, ಎರಡನ್ನೂ ಅವನು ಮರೆಯಲಿಲ್ಲ.

ಪೂರ್ತಿ ಫ್ರೇಮಿಗೆ ಬಣ್ಣ ಬಳಿಯುವುದನ್ನು ಯಾರಾದರೂ ಮಾಡಿಯಾರು. ಕಿತ್ತುಹೋದ ಜಾಗಕ್ಕಷ್ಟೇ ಹಚ್ಚಿ, ಹಚ್ಚಿದ್ದು ಗೊತ್ತಾಗದಂತೆ ಮಾಡುವುದೇ ಕಷ್ಟ. ಬಿಸಿಲಲ್ಲಿ ನಾಲ್ಕು ವರ್ಷ ತಿರುಗಿದ ಕಪ್ಪು ಕಪ್ಪಾಗಿ ಉಳಿದಿರುವುದಿಲ್ಲ. ಹುಚ್ಚಯ್ಯ ಹೊಸ ಕಪ್ಪಿಗೆ ಒಂದು ತೊಟ್ಟು ನೀಲಿ, ಕಡ್ಡಿಯ ತುದಿಯಷ್ಟು ಕಾವಿ ಸೇರಿಸಿ, ಉಗುರಿನ ಮೇಲೆ ಹಚ್ಚಿಕೊಂಡು, ಫ್ರೇಮಿನ ಪಕ್ಕ ಹಿಡಿದು ನೋಡಿ ಮತ್ತೆ ಕಲಸುತ್ತಿದ್ದ. ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು, ತಗ್ಗಿಗೆ ಸೀಮೆಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ ಪುಟ್ಟಿ ತುಂಬಿ, ಅದು ಒಣಗಿದ ಮೇಲೆ ಕಾವಿ, ಅದರ ಮೇಲೆ ಕಪ್ಪು. ಅಳಿಲಿನ ಬಾಲದ ಕೂದಲಿಂದ ತಾನೇ ಕಟ್ಟಿದ ಕುಂಚದಲ್ಲಿ ಚಿನ್ನದ ಬಣ್ಣದ ಗೀರು ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಆಗ ಮಾತ್ರ ಅವನ ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ.

ಮನೆಯಲ್ಲಿ ಇರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ, ಉಪ್ಪು ಕಮ್ಮಿಯಾದರೆ, ಉಪ್ಪು ಸರಿಯಾಗಿದ್ದು ಅಂಗಡಿಯಲ್ಲಿ ಯಾರಾದರೂ ಏನಾದರೂ ಅಂದಿದ್ದರೆ, ಹೆಂಡತಿ ಹೊನ್ನಕ್ಕನ ಬೆನ್ನು ಇತ್ತಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳ ಎಡಗಿವಿ ಮಂದವಾಗಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಕೇರಿಯವರು ಗಾದೆ ಹೇಳುತ್ತಿದ್ದರು. ಆ ಗಾದೆ ಕಟ್ಟಿದವನು ಏಟು ತಿಂದವನಲ್ಲ. ಹೊನ್ನಕ್ಕನಿಗೆ ಮಕ್ಕಳಿರಲಿಲ್ಲ, ತೌರಿನಲ್ಲಿ ಹೆತ್ತವರು ತೀರಿಹೋಗಿದ್ದರು, ಒಡಹುಟ್ಟಿದವರು ಮೊದಲೇ ಇಲ್ಲ. ಹೋಗಲು ಜಾಗವಿಲ್ಲದವಳನ್ನು ಹೊಡೆಯುವುದು ಬಲು ಸುಲಭ.

ಅಕ್ಕ ಬೆಟ್ಟಮ್ಮ ಗಂಡ ಸತ್ತ ಮೇಲೆ ಮಗಳು ಸಣ್ಣಕ್ಕನನ್ನು ಕಟ್ಟಿಕೊಂಡು ತಮ್ಮನ ಮನೆಗೇ ಬಂದಿದ್ದಳು. ಅವರಿಬ್ಬರ ಮೇಲೆ ಹುಚ್ಚಯ್ಯ ಒಂದು ದಿನವೂ ಕೈ ಎತ್ತಿದವನಲ್ಲ. ಸಣ್ಣಕ್ಕನೆಂದರೆ ಅವನಿಗೆ ಪ್ರಾಣ. ಅವಳು ಮಾವಾ ಎಂದು ಕರೆದರೆ ಊಟ ಬಿಟ್ಟು ಏಳುತ್ತಿದ್ದ. ಅರವತ್ತೊಂದನೇ ಇಸವಿಯಲ್ಲಿ ಚನ್ನರಾಯಪಟ್ಟಣದ ಕಡೆಯ ಒಂದು ಕೇರಿಯಿಂದ ಅವಳಿಗೆ ಸಂಬಂಧ ಬಂತು. ಹುಡುಗ ತಮ್ಮಯ್ಯ, ಸರ್ಕಾರಿ ಆಫೀಸಿನಲ್ಲಿ ಜವಾನ. ಹಿಂದೆಲ್ಲ ಕೇರಿಯಲ್ಲಿ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಸಂಬಳದ ಗಂಡುಗಳು ಹುಟ್ಟಿಕೊಂಡ ಮೇಲೆ ಗಾಳಿ ತಿರುಗಿತ್ತು. ತಮ್ಮಯ್ಯ ಕೇಳಿದ್ದು ಒಂದೇ, ಆಫೀಸಿಗೆ ಹೋಗಿಬರಲು ಹೊಸ ಸೈಕಲ್ಲು. ಬೆಟ್ಟಮ್ಮ ತಲೆ ತಗ್ಗಿಸಿ ಕೂತಳು. ಸೋದರಮಾವ ಎದೆ ಸೆಟೆಸಿ, "ಒಸಾ ಸೈಕಲ್ಲೇ ಕೊಡ್ತೀವಿ ತಗಳಿ" ಎಂದುಬಿಟ್ಟ. ಹೊಸ ಸೈಕಲ್ಲು ಕೊಳ್ಳುವ ಯೋಗ್ಯತೆ ಅವನ ಏಳು ತಲೆಮಾರಿಗೂ ಇರಲಿಲ್ಲ.

ಅಂಗಡಿಯ ಹಿಂದಿನ ಮೂಲೆಯಲ್ಲಿ ಗೋಣಿಚೀಲ ಮುಚ್ಚಿಕೊಂಡು ಹಸಿರು ಸೈಕಲ್ಲೊಂದು ಎರಡು ವರ್ಷದಿಂದ ನಿಂತಿತ್ತು. ಅದು ಹೊಳೆಯಾಚೆಯ ಹಳ್ಳಿಯ ಕೆಂಪಣ್ಣನದು. ಗದ್ದೆಯ ಬದುವಿನ ಜಗಳದಲ್ಲಿ ದಾಯಾದಿಗಳು ಅವನನ್ನು ಅಡ್ಡಗಟ್ಟಿ ಹಾಡಹಗಲೇ ಮಚ್ಚಿನಲ್ಲಿ ಕೊಚ್ಚಿ ಹಾಕಿದ್ದರು. ಅವನು ಸೈಕಲ್ಲನ್ನೇ ಮೈಗೆ ಅಡ್ಡ ಹಿಡಿದಿದ್ದನಂತೆ, ಏಳೆಂಟು ಏಟು ಫ್ರೇಮಿಗೇ ಬಿದ್ದಿತ್ತು. ಕೇಸು ಮುಗಿದು ಸೈಕಲ್ಲು ಕೈಗೆ ಬಂದಾಗ ಮನೆಯವರು ಅದನ್ನು ಹೊಸಿಲು ದಾಟಿಸಲಿಲ್ಲ, ಸೀದಾ ತಂದು ರಂಗಸ್ವಾಮಿಗೆ ತಳ್ಳಿ ಹೋದರು. ಮೇಲಿನ ಪೈಪಿನ ಕಚ್ಚಿನೊಳಗೆ ಕಪ್ಪಗೆ ಒಣಗಿದ್ದದ್ದು ತುಕ್ಕಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಕೊಳ್ಳುವವರಿರಲಿಲ್ಲ. ಹುಚ್ಚಯ್ಯ ಕೇಳಿದಾಗ ರಂಗಸ್ವಾಮಿ ಕೈ ಮುಗಿದ. "ತಗಂಡೋಗು ಮಾರಾಯ, ಪೀಡೆ ತೊಲಗ್ಲಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಹುಚ್ಚಯ್ಯ ಹೇಳಿದ್ದು ಒಂದೇ ಸುಳ್ಳು, ಆದರೆ ಅದಕ್ಕೆ ಎರಡು ಚಕ್ರವಿದ್ದವು. ಲಗ್ನಕ್ಕೆ ಆರು ದಿನ ಉಳಿದಿತ್ತು. ಹಸಿರನ್ನೆಲ್ಲ ಕೆರೆದು ಕಬ್ಬಿಣ ಕಾಣಿಸಿದ ಮೇಲೆ ಬಣ್ಣ ಹಾಕಬೇಕು, ಅದಕ್ಕೆ ಹೊತ್ತೆಲ್ಲಿ? ಜೀವಮಾನದಲ್ಲಿ ಮೊದಲ ಸಲ ಅವನು ಹಳೆಯ ಬಣ್ಣದ ಮೇಲೆಯೇ ಹೊಸದು ಬಳಿದ. ಮಚ್ಚಿನ ಕಚ್ಚುಗಳಿಗೆ ಅರ್ಧ ಒಣಗಿದ ಪುಟ್ಟಿ ಮೆತ್ತಿದ. ಚೈನ್ ಕವರಿನ ಮೇಲೆ ಬಿಳಿ ಅಕ್ಷರದಲ್ಲಿದ್ದ ಕೆಂಪಣ್ಣನ ಹೆಸರಿಗೆ ಎರಡು ಕೋಟು ಹೊಡೆದ. ಹೊಸ ಸೀಟು, ಹೊಸ ಬೆಲ್ಲು ಹಾಕಿ ಗೀರೆಳೆದು ನಿಲ್ಲಿಸಿದಾಗ ರಂಗಸ್ವಾಮಿಯೇ ಬಾಯಿಬಿಟ್ಟುಕೊಂಡು ನೋಡಿದ. ಮನೆಗೆ ತಂದಾಗ ಹೊನ್ನಕ್ಕ ಒಂದೇ ಮಾತು ಹೇಳಿದಳು.

"ಸತ್ತೋನ್ ಸೈಕಲ್ಲ ಮದ್ವೆ ಗಂಡಿಗೆ ಕೊಡ್ತೀಯಾ? ನಾಳೀಕ್ ಗೊತ್ತಾದ್ರೆ ಆ ಎಣ್ಣಿನ್ ಪಾಡೇನು?"

ಉತ್ತರವಾಗಿ ಅವಳ ಕಪಾಳಕ್ಕೆ ಬಿತ್ತು. ಹೇಳಿದ್ದು ಸರಿಯಾಗಿದ್ದದ್ದರಿಂದ ಎರಡು ಬಿತ್ತು.

ಮದುವೆ ಆಯಿತು. ತಮ್ಮಯ್ಯ ಐದು ತಿಂಗಳು ಆ ಸೈಕಲ್ಲಿನ ಮೇಲೆ ಬೆಲ್ಲು ಬಾರಿಸಿಕೊಂಡು ಆಫೀಸಿಗೆ ಹೋಗಿಬಂದ. ಕೇರಿಯಲ್ಲಿ ಇದ್ದದ್ದು ಅದೊಂದೇ ಸೈಕಲ್ಲು. ಅದಕ್ಕೆ ಸಿಗುತ್ತಿದ್ದ ಮರ್ಯಾದೆಯಲ್ಲಿ ಕಾಲು ಭಾಗ ಸಣ್ಣಕ್ಕನಿಗೂ ಸಿಕ್ಕಿತು.

ಆಯುಧಪೂಜೆಯ ಹಿಂದಿನ ದಿನ ತಮ್ಮಯ್ಯ, "ಸೈಕಲ್ಲ ತೊಳ್ದ್ ಮಡಗು, ಫಳಫಳ ಅನ್ಬೇಕು" ಎಂದು ಹೇಳಿ ಆಫೀಸಿಗೆ ನಡೆದೇ ಹೋದ. ಸಣ್ಣಕ್ಕನಿಗೆ ಗೊತ್ತಿದ್ದದ್ದು ಪಾತ್ರೆ ತಿಕ್ಕುವುದು. ಹಬ್ಬಕ್ಕೆ ಹಿತ್ತಾಳೆ ಚೆಂಬು ಹೇಗೆ ಹೊಳೆಯಬೇಕೋ ಸೈಕಲ್ಲೂ ಹಾಗೇ ಹೊಳೆಯಲಿ ಎಂದು ಸೆರಗು ಸಿಕ್ಕಿಸಿಕೊಂಡು ಕೂತಳು. ಜಿಡ್ಡು ಬಿಡಲೆಂದು ಕುದಿಯುವ ನೀರಿಗೆ ಬಟ್ಟೆ ಸೋಡ ಕದಡಿ ಮೈತುಂಬ ಹುಯ್ದಳು. ತೆಂಗಿನ ನಾರಿಗೆ ಬೂದಿ, ಇಟ್ಟಿಗೆ ಪುಡಿ ಹಚ್ಚಿ ಉಜ್ಜಿದಳು. ಮೊದಲು ಗೀರು ಹೋಯಿತು. ಆಮೇಲೆ ಕಪ್ಪು ಸಿಪ್ಪೆಸಿಪ್ಪೆಯಾಗಿ ಎದ್ದು ಕೈಗೆ ಬಂತು. ಕೆಳಗೆ ಹಸಿರು ಕಂಡಾಗ ಪಾಪದ ಹುಡುಗಿ ಅದನ್ನು ಪಾಚಿ ಎಂದುಕೊಂಡು ಇನ್ನೂ ಬಲವಾಗಿ ತಿಕ್ಕಿದಳು. ಪುಟ್ಟಿ ನೆನೆದು ಉದುರಿ, ಮಚ್ಚಿನ ಕಚ್ಚುಗಳು ಒಂದೊಂದಾಗಿ ಬಾಯಿ ತೆರೆದವು. ತಮ್ಮಯ್ಯ ಬಂದಾಗ ಅವಳು ಚೈನ್ ಕವರಿನ ಮೇಲೆ ಕೆಂಪಣ್ಣನ ಹೆಸರನ್ನು ಓದಲಾಗದೆ ನೋಡುತ್ತ ನಿಂತಿದ್ದಳು.

ತಮ್ಮಯ್ಯನಿಗೆ ಓದು ಬರುತ್ತಿತ್ತು. ಆ ಕೊಲೆಯ ಸುದ್ದಿ ತಿಳಿಯದವರು ಆ ಸೀಮೆಯಲ್ಲೇ ಇರಲಿಲ್ಲ. ನೆರೆಹೊರೆಯವರು ಬೇಲಿ ಮೇಲಿಂದ ಬಗ್ಗಿ ನೋಡಿದರು, ಒಬ್ಬ ನಕ್ಕೂಬಿಟ್ಟ. ಆ ನಗುವೇ ಬೆಂಕಿಗೆ ತುಪ್ಪವಾಯಿತು. "ಸಾವ ತಂದು ನನ್ ಮನೇಗ್ ಕಟ್ಟಿದ್ರೇನೇ?" ಎನ್ನುತ್ತ ಅವನು ಸೈಕಲ್ಲಿನ ಪಂಪು ತೆಗೆದುಕೊಂಡು ಹೊಡೆದ. ಪಂಪು ಬಗ್ಗುವ ತನಕ ಹೊಡೆದ, ಬಗ್ಗಿದ ಮೇಲೆ ಒದ್ದ. ಸಣ್ಣಕ್ಕ ತಲೆಗೆ ಅಡ್ಡ ಹಿಡಿದ ಬಲಗೈ ಮೊಣಕೈಯ ಕೆಳಗೆ ಲಟಕ್ಕೆಂದು ಮುರಿಯಿತು. "ನಂಗೊತ್ತಿಲ್ಲ, ನಂಗೊತ್ತಿಲ್ಲ" ಎಂಬುದನ್ನು ಬಿಟ್ಟು ಅವಳು ಬೇರೆ ಮಾತಾಡಲಿಲ್ಲ. ಬೇಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಗಂಡ ಹೆಂಡಿರ ಜಗಳ ಅಲ್ಲವೇ.

ಹಬ್ಬ ಕಳೆದ ಮಾರನೆಯ ದಿನ ಚನ್ನರಾಯಪಟ್ಟಣದ ಬಸ್ಸಿಳಿದ ನೆಂಟನೊಬ್ಬ ಹುಚ್ಚಯ್ಯನಿಗೆ ಸುದ್ದಿ ಮುಟ್ಟಿಸಿದ. ಬೆಟ್ಟಮ್ಮ ನೆಲಕ್ಕೆ ಬಿದ್ದು ಹೊರಳಾಡಿದಳು. ಹುಚ್ಚಯ್ಯ ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೊನ್ನಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಒಡೆಯಾಕ್ ಓಗ್ಬ್ಯಾಡ. ಕರ್ಕಂಡ್ ಬಾ."

"ಆಚೀಗ್ ಸರೀಲೇ."

"ಒಡ್ದ್ರೆ ಅವ್ರೂ ಒಡೀತಾರೆ. ಎಣ್ಮಗ ಅಲ್ಲೇ ಉಳ್ಕತದೆ. ಕರ್ಕಂಡ್ ಬಾ."

ಅವನು ಅವಳನ್ನು ತಳ್ಳಿ ನಡೆದ. ಸಣ್ಣಕ್ಕನ ಕೈ ಮುರಿದದ್ದು ತನ್ನ ಬಣ್ಣದಿಂದ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಷ್ಟು ಸಿಟ್ಟು. ತನ್ನ ಮೇಲೆ ಬರಬೇಕಾದ ಸಿಟ್ಟನ್ನು ಇನ್ನೊಬ್ಬರ ಮೇಲೆ ಹಾಕುವುದರಲ್ಲಿ ಅವನು ಬಣ್ಣಕ್ಕಿಂತ ಹೆಚ್ಚು ಪಳಗಿದ್ದ.

ಮರುದಿನ ಬೆಳಗ್ಗೆ ಅವನು ತಲುಪಿದಾಗ ತಮ್ಮಯ್ಯ ಮನೆ ಮುಂದೆ ಹಲ್ಲುಜ್ಜುತ್ತಿದ್ದ. ಹುಚ್ಚಯ್ಯ ಸೊಂಟದ ಪಟ್ಟಿ ಎಳೆದ. ಮೊದಲ ಏಟು ದವಡೆಗೆ, ಎರಡನೆಯದು ಭುಜಕ್ಕೆ. ತಮ್ಮಯ್ಯ ಎರಡು ಹಲ್ಲು ಉಗುಳಿ ಕೆಳಗೆ ಬಿದ್ದ, ಬಿದ್ದವನ ಎದೆಯ ಮೇಲೆ ಹುಚ್ಚಯ್ಯ ಕೂತು ಗುದ್ದಿದ. ಅಷ್ಟರಲ್ಲಿ ಕೇರಿ ಕೂಡಿತು. ಒನಕೆ, ಸೌದೆ, ಕೈಗೆ ಸಿಕ್ಕಿದ್ದರಲ್ಲಿ ಹುಚ್ಚಯ್ಯನನ್ನು ಬಡಿದು, ಹೊಂಗೆಮರಕ್ಕೆ ಹಗ್ಗದಲ್ಲಿ ಬಿಗಿದರು. ಅವನ ಹುಬ್ಬು ಒಡೆದು ಒಂದು ಕಣ್ಣು ಮುಚ್ಚಿಹೋಯಿತು. ಮತ್ತೊಂದು ಕಣ್ಣಿಗೆ ಸಣ್ಣಕ್ಕ ಕಂಡಳು. ಕೈಗೆ ಬಿದಿರ ದಬ್ಬೆ ಕಟ್ಟಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ಮುಖ ಊದಿ ಗುರುತು ಸಿಗುವಂತಿರಲಿಲ್ಲ.

ಮಧ್ಯಾಹ್ನ ಕೇರಿಯ ಯಜಮಾನ ಬೋರಪ್ಪ ಬಂದು ಪಂಚಾಯ್ತಿ ಕೂರಿಸಿದ. ತಮ್ಮಯ್ಯ ರಕ್ತ ಒರೆಸಿಕೊಳ್ಳುತ್ತ ಹೇಳಿದ. "ಕೊಚ್ಚಾಕಿದ್ ಎಣದ್ ಸೈಕಲ್ ಮ್ಯಾಲೆ ಐದ್ ತಿಂಗ್ಳು ಓಡಾಡ್ಸವ್ನೆ ನನ್ನ. ಕೇಳಿ, ಅಲ್ಲ ಅನ್ಲಿ."

"ಏನ್ಲಾ ಹುಚ್ಚಯ್ಯ, ದಿಟಾನಾ?" ಎಂದ ಬೋರಪ್ಪ.

"ದಿಟ."

"ಅಂಗಾರೆ ತಪ್ಪು ಎಲ್ಡೂ ಕಡೆ ಅದೆ. ನೀನು ಇಲ್ಲೇ ಕುಂತು ಸೈಕಲ್ಲ ಸರ್ಯಾಗಿ ಕೆರ್ದು ಒಸದ್ರಂಗೆ ಮಾಡ್ಕೊಡು. ಒಂದ್ ಕುಂಬ್ಳಕಾಯಿ ಒಡ್ದು ಪೀಡೆ ಕಳೀಲಿ. ಗಂಡ ಎಂಡ್ತಿ ಸಂಸಾರ ಮಾಡ್ಕಂಡ್ ಓಗ್ಲಿ."

ಗಂಡಸರೆಲ್ಲ ಸರಿ ಎಂದರು. ಸಣ್ಣಕ್ಕನನ್ನು ಯಾರೂ ಕರೆಯಲಿಲ್ಲ, ಕೇಳಲಿಲ್ಲ. ಹುಚ್ಚಯ್ಯನೂ ತಲೆಯಾಡಿಸಿದ. ನಾಚಿಕೆಗೇಡಿನ ಮಾತು, ಆದರೆ ನಿಜ: ಅವನಿಗೆ ಸಮಾಧಾನವಾಯಿತು. ಅದು ಅವನಿಗೆ ಗೊತ್ತಿದ್ದ ಕೆಲಸ.

ಹಗ್ಗ ಬಿಚ್ಚಿದರು. ಅವನು ಪೇಟೆಗೆ ಹೋಗಿ ಉಪ್ಪುಕಾಗದ, ಬಣ್ಣ ತಂದು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ಕೂತ. ಈ ಸಲ ಮೋಸ ಮಾಡಲಿಲ್ಲ. ಹಸಿರನ್ನು ಚೂರೂ ಬಿಡದೆ ಕೆರೆದ, ಕಚ್ಚಿನೊಳಗಿನ ಕಪ್ಪನ್ನು ಮೊಳೆಯಿಂದ ಕಿತ್ತು ತೆಗೆದ. ಎರಡನೆಯ ದಿನ ಹೊತ್ತು ನೆತ್ತಿಗೇರಿದಾಗ ಪುಟ್ಟಿ ತುಂಬುತ್ತಿದ್ದ. ಸಣ್ಣಕ್ಕ ಎಡಗೈಯಲ್ಲಿ ನೀರಿನ ಚೆಂಬು ತಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಮಾವಾ, ಅದು ಒಣಗಾಕೆ ಎಷ್ಟ್ ದಿನ ಬೇಕು?"

"ಮೂರ್ ದಿನ ಕಣವ್ವಾ."

"ನನ್ ಕೈಗೆ ಎಲ್ಡ್ ತಿಂಗ್ಳು ಅಂದವ್ರೆ." ಅವಳು ಚೆಂಬನ್ನು ಅವನತ್ತ ತಳ್ಳಿದಳು. "ಪಂಚಾಯ್ತೀಲಿ ಸೈಕಲ್ ಮಾತೇ ಆಡಿದ್ರಿ ಎಲ್ರೂ. ಇನ್ಮ್ಯಾಲೆ ಅವಳ್ನ ಒಡೀಬ್ಯಾಡ ಅಂತ ಯಾರಾನ ಒಬ್ರು ಏಳಿದ್ರಾ? ನೀನ್ ಏಳ್ದ್ಯಾ?"

ಹುಚ್ಚಯ್ಯನ ಕೈ ನಿಂತಿತು. ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಹೆಂಡತಿಯನ್ನು ಹೊಡೆಯಬೇಡ ಎಂಬುದೂ ಪಂಚಾಯ್ತಿಯ ಮಾತು ಎಂದು ಅವನು ಎಂದೂ ಕೇಳಿದವನಲ್ಲ.

"ನಿನ್ ಕೈಲಿ ಎಲ್ಡ್ ಅಲ್ಲು ಉದುರ್ಸ್ಕೊಂಡವ್ನೆ. ನೀನ್ ಬಸ್ಸತ್ತ್‌ದ ಗಳಿಗೇಗೆ ಅದ್ನ ನನ್ ಮ್ಯಾಲೆ ತೀರ್ಸ್ಕತಾನೆ. ಮುಂದಿನ್ ಸಲ ಕೈ ಅಲ್ಲ ಮಾವಾ, ನಾನೇ ಉಳ್ಯಾಕಿಲ್ಲ."

ಅವನು ಪುಟ್ಟಿಯ ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದ. "ನಡಿ" ಎಂದ. ಸಣ್ಣಕ್ಕ ಉಟ್ಟ ಸೀರೆಯಲ್ಲೇ ಎದ್ದಳು. ಮುರಿದ ಕೈಗೆ ಯಾರ ಏಟೂ ತಾಗದಿರಲೆಂದು ಅವನು ಎರಡೂ ತೋಳಿನಿಂದ ಅವಳನ್ನು ಬಳಸಿ ಹಿಡಿದು ಅಂಗಳ ದಾಟಿದ.

ತಮ್ಮಯ್ಯ ಒಳಗಿಂದ ಓಡಿಬಂದು ಬೆನ್ನಿಗೆ ಸೌದೆ ಬೀಸಿದ. "ಎಲ್ಲೀಗ್ಲಾ ಕರ್ಕಂಡ್ ಓಗ್ತಿದ್ದೀಯ ನನ್ ಎಂಡ್ತೀನ?" ಅವನ ಹಿಂದೆ ಮತ್ತಿಬ್ಬರು ಬಂದರು. ಹುಚ್ಚಯ್ಯನ ಮೈಯೆಲ್ಲ ತಿರುಗಿ ನಿಲ್ಲು ಎನ್ನುತ್ತಿತ್ತು. ನಿಲ್ಲಬೇಕಾದರೆ ಅವಳನ್ನು ಬಿಡಬೇಕು. ಅವಳು ಅವನ ಅಂಗಿಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಒಡೀಬ್ಯಾಡ, ನಡಿ, ನಡಿ" ಎನ್ನುತ್ತಲೇ ಇದ್ದಳು. ಅವನು ನಡೆದ. ಬೆನ್ನಿಗೆ ಬಿತ್ತು, ಕುತ್ತಿಗೆಗೆ ಬಿತ್ತು, ಮುರಿದು ಕೂಡಿದ್ದ ಪಕ್ಕೆಲುಬಿಗೆ ಬಿತ್ತು. ಒಮ್ಮೆ ಮಂಡಿ ಊರಿದ, ಅವಳನ್ನು ಬಿಡದೆ ಮತ್ತೆ ಎದ್ದ. ಅಪ್ಪನ ಬಾರುಕೋಲಿಗೆ ಅಕ್ಕ ಬೆನ್ನು ಕೊಟ್ಟದ್ದು ಅವನಿಗೆ ನೆನಪಾಯಿತೋ ಇಲ್ಲವೋ, ಹೇಳಲಾಗದು. ಬೋರಪ್ಪ ಜಗುಲಿಯಿಂದ "ಬುಡ್ರಲಾ, ಸತ್ತಾನು" ಎಂದು ಕೂಗಿದ ಮೇಲೆ ಅವರು ಬಿಟ್ಟರು. ಪುಟ್ಟಿ ಅರ್ಧ ತುಂಬಿದ ಸೈಕಲ್ಲು ಅಂಗಳದಲ್ಲಿ ಉಳಿಯಿತು. ಅದನ್ನು ಆಮೇಲೆ ಯಾರೂ ತುಳಿಯಲಿಲ್ಲವಂತೆ.

ಹೊಳೆನರಸೀಪುರಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಬೆಟ್ಟಮ್ಮ ಮಗಳನ್ನು ತಬ್ಬಿಕೊಂಡು ಕೇರಿಗೆಲ್ಲ ಕೇಳುವಂತೆ ಅತ್ತಳು. ಹೊನ್ನಕ್ಕ ಅಳಲಿಲ್ಲ. ಸಣ್ಣಕ್ಕನ ದಬ್ಬೆ ನೋಡಿದಳು, ಗಂಡನ ಹರಿದ ಅಂಗಿ, ಬೆನ್ನಿನ ಬಾಸುಂಡೆ ನೋಡಿದಳು. ಅವನ ಗೆಣ್ಣುಗಳನ್ನೂ ನೋಡಿದಳು, ಅಲ್ಲಿ ಒಣಗಿದ ತರಚು ಬಿಟ್ಟರೆ ಹೊಸದಿರಲಿಲ್ಲ.

"ಇಷ್ಟ್ ಒಡ್ದವ್ರೆ. ಬರಾವಾಗ ನೀನ್ ತಿರ್ಗಿ ಒಡೀಲಿಲ್ವಾ?"

"ಇಲ್ಲ."

"ಯಾಕೆ?"

"ಕೈನಾಗೆ ಅವ್ಳಿದ್ಲು."

"ಅಂಗಾರೆ ಒಡೀದೆ ಇರಾಕೂ ಬತ್ತದೆ ನಿಂಗೆ" ಎಂದಳು ಹೊನ್ನಕ್ಕ.

ಅವನು ತಲೆ ಎತ್ತಿದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹನ್ನೆರಡು ವರ್ಷ ತಿಳಿಯದೆ ಉಳಿದದ್ದೊಂದು ಈಗ ತಿಳಿಯಿತು ಎನ್ನುವವಳಂತೆ ನಿಂತಿದ್ದಳು.

"ಅವ್ಳ ಕರ್ಕಂಡ್ ಬರಾಕೆ ಸೋದರಮಾವ ನೀನಿದ್ದೆ. ನನ್ನ ಕರ್ಕಂಡ್ ಓಗಾಕೆ ಯಾರವ್ರೆ, ನೀನೇ ಏಳು."

ಹೊನ್ನಕ್ಕ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿ ಮುದ್ದೆ ತಿರುವಿದಳು. ಬಲಗೈ ಆಡದ ಸಣ್ಣಕ್ಕನಿಗೆ ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು, ಆಮೇಲೆ ಬೆಟ್ಟಮ್ಮನಿಗೆ ಬಡಿಸಿ ತಾನೂ ಉಂಡಳು. ಹುಚ್ಚಯ್ಯ ಹೊರಗೆ ಜಗುಲಿಯ ಮೇಲೆ ಕೂತು ತಟ್ಟೆಯ ಸದ್ದು ಕೇಳುತ್ತಿದ್ದ. ಅವನನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.